ಕೊನೆಯ ನಡಿಗೆ ಯಾರದು? ವಿಯೆನ್ನಾದ ‘ಥರ್ಡ್ ಮ್ಯಾನ್’ ವಸ್ತುಸಂಗ್ರಹಾಲಯ ಮತ್ತು ಕರ್ತೃತ್ವದ ಪ್ರಶ್ನೆ

1. ಪ್ರಶ್ನೆ

‘ದಿ ಥರ್ಡ್ ಮ್ಯಾನ್’ ಚಿತ್ರ ತೆರೆಕಂಡದ್ದು 1949ರಲ್ಲಿ. ಅದರ ಕೊನೆಯ ದೃಶ್ಯದಲ್ಲಿ ಒಬ್ಬ ಹೆಣ್ಣುಮಗಳು ಸ್ಮಶಾನದ ಸಾಲುಮರಗಳ ನಡುವಿನ ಉದ್ದ ದಾರಿಯಲ್ಲಿ ನಡೆದು ಬರುತ್ತಾಳೆ. ಹತ್ತಿರದಲ್ಲೊಬ್ಬ ಗಂಡಸು ಅವಳಿಗಾಗಿ ಕಾದು ನಿಂತಿದ್ದಾನೆ. ಅವಳು ಅವನತ್ತ ಕಣ್ಣೆತ್ತಿಯೂ ನೋಡದೆ ದಾಟಿಹೋಗುತ್ತಾಳೆ. ಈ ಚಿತ್ರದ ಕಥೆ, ಚಿತ್ರಕಥೆ ಎರಡೂ ಗ್ರಹಾಂ ಗ್ರೀನ್ ಅವರವು. ಆದರೆ ಅವರ ಗದ್ಯದಲ್ಲಿ ಹೀಗೆ ಮುಗಿಯುವುದಿಲ್ಲ. ಅಲ್ಲಿ ಅವನು ಅವಳ ಹಿಂದೆಯೇ ಹೋಗಿ ಜೊತೆಗೂಡುತ್ತಾನೆ. ಇಬ್ಬರೂ ಮಾತಿಲ್ಲದೆ ನಡೆಯುತ್ತಾರೆ. ಕಣ್ಮರೆಯಾಗುವ ಮೊದಲು ಅವಳ ಕೈ ಅವನ ತೋಳಿನೊಳಗೆ ಸೇರಿರುತ್ತದೆ.

ಒಂದೇ ಕಥೆ, ಒಂದೇ ಸ್ಮಶಾನ, ಎರಡು ಕೊನೆ. ಲೋಕದ ನೆನಪಿನಲ್ಲಿ ಉಳಿದದ್ದು ಗ್ರೀನ್ ಬರೆಯದ ಕೊನೆ. ಹಾಗಿದ್ದರೆ ಈ ಕೃತಿಯ ಕರ್ತೃ ಯಾರು? ಹಸ್ತಪ್ರತಿಗಳ ನಡುವೆ ಬೆಳೆದ ಕನ್ನಡದ ವಿದ್ವತ್ತಿಗೆ ಇಂಥ ಪ್ರಶ್ನೆ ಹೊಸದಲ್ಲ. ‘ಕವಿರಾಜಮಾರ್ಗ’ ನೃಪತುಂಗನದೋ ಶ್ರೀವಿಜಯನದೋ ಎಂದು ನಮ್ಮ ಹಿರಿಯರು ದಶಕಗಟ್ಟಲೆ ವಾದಿಸಿದ್ದಾರೆ. ಆ ಗ್ರಂಥ ತನ್ನನ್ನು ನೃಪತುಂಗನಿಗೆ ‘ಅನುಮತ’ವಾದದ್ದೆಂದು ಹೇಳಿಕೊಂಡದ್ದೇ ಆ ವಾದದ ತಿರುಳು. ಬರೆದವನು ಒಬ್ಬ, ಒಪ್ಪಿದವನು ಇನ್ನೊಬ್ಬನಾದಾಗ ಕೃತಿ ಯಾರದಾಗುತ್ತದೆ? ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನು ವಿಯೆನ್ನಾದಲ್ಲಿ ಈ ಚಿತ್ರಕ್ಕೆಂದೇ ಇರುವ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ಮುದ್ರಿತ ಸಾಕ್ಷ್ಯಗಳ ಜೊತೆ ಹೋಲಿಸಿ ನೋಡುವ ಪ್ರಯತ್ನ ಈ ಟಿಪ್ಪಣಿ.

2. ಪ್ರೆಸ್‌ಗಾಸೆಯ ಕೋಣೆಗಳು

ಸುರಂಗರೈಲಿನಲ್ಲಿ ಕೆಟ್ಟನ್‌ಬ್ರುಕನ್‌ಗಾಸೆ ನಿಲ್ದಾಣದಲ್ಲಿ ಇಳಿದು, ನಾಶ್‌ಮಾರ್ಕ್ಟ್ ಎಂಬ ಹಳೆಯ ಸಂತೆಬೀದಿಯನ್ನು ಬಿಟ್ಟು ಸ್ವಲ್ಪ ದೂರ ನಡೆದರೆ ಪ್ರೆಸ್‌ಗಾಸೆ ಸಿಗುತ್ತದೆ. ಈ ಬೀದಿಯಲ್ಲಿ ಗೆರ್ಹಾರ್ಡ್ ಶ್ಟ್ರಾಸ್‌ಗ್ಶ್ವಾಂಟ್ನರ್ ಮತ್ತು ಕಾರಿನ್ ಹೊಫ್ಲರ್ ತಾವೇ ಕೂಡಿಸಿದ ಸಂಗ್ರಹವನ್ನು 2005ರಲ್ಲಿ ಜನರಿಗೆ ತೆರೆದರು. ಇದು ಖಾಸಗಿ ಸಂಗ್ರಹಾಲಯ. ನಾನು ಹೋದದ್ದು ಒಂದು ಶನಿವಾರ ಮಧ್ಯಾಹ್ನ. ಕಂಬ, ಕಮಾನು, ಅಮೃತಶಿಲೆಯ ಮೆಟ್ಟಿಲು ಯಾವುದೂ ಇಲ್ಲ. ಬೀದಿಬಾಗಿಲಿನಿಂದ ಒಳಹೊಕ್ಕರೆ ಕೋಣೆಯ ಹಿಂದೆ ಕೋಣೆ. ಗೋಡೆ ತುಂಬ ನಾನಾ ದೇಶಗಳ ಭಿತ್ತಿಪತ್ರಗಳು, ಸ್ಥಿರಚಿತ್ರಗಳು, ಹಳೆಯ ಗ್ರಾಮಫೋನ್ ತಟ್ಟೆಗಳು. ಒಂದು ಚಿತ್ರವನ್ನು ಬದುಕಿಡೀ ಪ್ರೀತಿಸಿದವರ ಮನೆಗೆ ಬಂದಂತೆ ಅನ್ನಿಸುತ್ತದೆ. ಆ ಪ್ರೀತಿ ಎಲ್ಲಿಯೂ ಅಡ್ಡಾದಿಡ್ಡಿಯಾಗಿಲ್ಲ. ಪ್ರತಿ ವಸ್ತುವಿಗೂ ಅದರ ಜಾಗ, ಅದರ ವಿವರಣೆ ಇದೆ.

ಈ ಸಂಗ್ರಹವನ್ನು ನಾನು ಮೂರು ಭಾಗವಾಗಿ ಓದಿಕೊಂಡೆ. ಮೊದಲನೆಯದು ಚಿತ್ರದ್ದು: ತಯಾರಿಕೆಯ ದಾಖಲೆಗಳು, ಕಲಾವಿದರು, ಪ್ರಚಾರ ಸಾಮಗ್ರಿ, ಮತ್ತು ಚಿತ್ರದ ಸಂಗೀತ ನುಡಿಸಿದ ಆಂಟನ್ ಕರಾಸ್ ಅವರ ಝಿದರ್ ವಾದ್ಯ. ಎರಡನೆಯದು ಚಿತ್ರ ತೋರಿಸುವ ಯಂತ್ರದ್ದು. 1936ರ ಎರ್ನೆಮನ್ ಪ್ರೊಜೆಕ್ಟರೊಂದು ಇಲ್ಲಿ ಇನ್ನೂ ಓಡುತ್ತದೆ. ಚಿತ್ರದ ಒಂದು ತುಣುಕನ್ನು ಫಿಲ್ಮಿನ ಸುರುಳಿಯಿಂದಲೇ ತೋರಿಸುತ್ತಾರೆ. ಹಲ್ಲುಗಾಲಿಗಳ ಆ ಟಕಟಕ ಸದ್ದಿನ ನಡುವೆ ಕಪ್ಪುಬಿಳುಪು ವಿಯೆನ್ನಾ ಗೋಡೆಯ ಮೇಲೆ ಮೂಡಿದಾಗ, ಈ ಚಿತ್ರ ಮೊದಲು ಒಂದು ಭೌತಿಕ ವಸ್ತು, ಬೆಳಕು ಹಾಯಬೇಕಾದ ಪಟ್ಟಿ ಎಂಬುದು ಕಣ್ಣಿಗೆ ಕಟ್ಟಿತು. ಮೂರನೆಯ ಭಾಗ ನಗರದ್ದು: ಯುದ್ಧದ ಮೊದಲಿನ ವಿಯೆನ್ನಾ, ಬಾಂಬಿನಿಂದ ಒಡೆದ ವಿಯೆನ್ನಾ, 1945ರಿಂದ 1955ರ ತನಕ ನಾಲ್ಕು ಸೇನೆಗಳ ಹಿಡಿತದಲ್ಲಿದ್ದ ವಿಯೆನ್ನಾ.

ಈ ಮೂರನೆಯ ಭಾಗ ಅಷ್ಟು ದೊಡ್ಡದಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಗ್ರೀನ್ ಅವರನ್ನು ಹುಡುಕಿಕೊಂಡು ಹೋದವನು ಒಂದು ಕಪಾಟಿನ ಮುಂದೆ ಹತ್ತು ನಿಮಿಷ, ನಗರದ ಕೋಣೆಗಳಲ್ಲಿ ಒಂದು ಗಂಟೆ ಕಳೆದೆ. ಈ ಅನುಪಾತವನ್ನೇ ನಾನು ಸಾಕ್ಷ್ಯವೆಂದು ಓದುತ್ತೇನೆ. ವಸ್ತುಸಂಗ್ರಹಾಲಯವೂ ಒಂದು ವಾದ. ಯಾವುದಕ್ಕೆ ಎಷ್ಟು ಗೋಡೆ ಕೊಟ್ಟಿದೆ ಎಂಬುದರಲ್ಲಿ ಆ ವಾದ ಅಡಗಿರುತ್ತದೆ.

3. ಬೀಜ: ಲಕೋಟೆಯ ಸಾಲು, ನೆಲದಡಿಯ ಪೊಲೀಸರು

ಕಥೆ ಹುಟ್ಟಿದ ಬಗೆಗೆ ಮುಖ್ಯ ಸಾಕ್ಷಿ ಗ್ರೀನ್ ಅವರೇ. ಕಥೆ 1950ರಲ್ಲಿ ಪುಸ್ತಕವಾದಾಗ ಬರೆದ ಮುನ್ನುಡಿಯಲ್ಲಿಯೂ 1980ರ ‘ವೇಸ್ ಆಫ್ ಎಸ್ಕೇಪ್’ ಎಂಬ ಆತ್ಮಕಥನದಲ್ಲಿಯೂ ಅವರು ಇದನ್ನು ವಿವರಿಸಿದ್ದಾರೆ. ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರಿಗೆ ನಾಲ್ಕು ರಾಷ್ಟ್ರಗಳ ಆಡಳಿತದಲ್ಲಿದ್ದ ವಿಯೆನ್ನಾವನ್ನು ಕುರಿತ ಚಿತ್ರ ಬೇಕಿತ್ತು. ಗ್ರೀನ್ ಬಳಿ ಇದ್ದದ್ದು ಎಂದೋ ಒಂದು ಲಕೋಟೆಯ ಮೇಲೆ ಗೀಚಿಟ್ಟ ಆರಂಭ ಮಾತ್ರ: ವಾರದ ಹಿಂದೆ ತಾನೇ ಮಣ್ಣು ಕೊಟ್ಟು ಬಂದ ಹ್ಯಾರಿ ಎಂಬ ಗೆಳೆಯ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ತನ್ನ ಪಕ್ಕದಲ್ಲೇ ಹಾದುಹೋದದ್ದನ್ನು ಕಂಡ ಒಬ್ಬನ ಬೆರಗು. ಬೀಜ ಲಂಡನ್ನಿನದು, ನೆಲ ಕೊರ್ಡಾ ತೋರಿಸಿದ ವಿಯೆನ್ನಾದ್ದು.

1948ರ ಫೆಬ್ರವರಿಯಲ್ಲಿ ಗ್ರೀನ್ ವಿಯೆನ್ನಾಕ್ಕೆ ಹೋದರು. ಅಲ್ಲಿಗೆ ಹೋದ ಮೇಲೂ ಕಥೆ ಕೈಗೆ ಸಿಕ್ಕಲಿಲ್ಲ. ಹೊರಡುವ ದಿನ ಹತ್ತಿರವಾದಾಗ ಒಬ್ಬ ಬ್ರಿಟಿಷ್ ಗುಪ್ತಚರ ಅಧಿಕಾರಿ ಊಟದ ವೇಳೆ ‘ನೆಲದಡಿಯ ಪೊಲೀಸರ’ ವಿಷಯ ಎತ್ತಿದರಂತೆ. ರಹಸ್ಯ ಪೊಲೀಸರೆಂದು ಗ್ರೀನ್ ಮೊದಲು ತಿಳಿದರು. ಅವರು ನಿಜವಾಗಿಯೂ ನೆಲದಡಿಯಲ್ಲಿ, ನಗರದ ದೊಡ್ಡ ಚರಂಡಿಗಳಲ್ಲಿ ಗಸ್ತು ತಿರುಗುವವರು. ಅದೇ ಮಾತುಕತೆಯಲ್ಲಿ ಪೆನಿಸಿಲಿನ್ ಕಳ್ಳದಂಧೆಯ ಸುದ್ದಿಯೂ ಬಂತು. ಸತ್ತು ಬದುಕಿದ ಗೆಳೆಯ, ಗಡಿಗಳಿಲ್ಲದ ನೆಲದಡಿಯ ದಾರಿ, ಕಲಬೆರಕೆಯ ಔಷಧಿ: ಮೂರೂ ಹೊಂದಿಕೊಂಡವು.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಸಾಕ್ಷ್ಯವಿದೆ. ಕೊರ್ಡಾ ಸಂಸ್ಥೆಯ ಪರವಾಗಿ ವಿಯೆನ್ನಾದಲ್ಲಿ ಗ್ರೀನ್ ಅವರಿಗೆ ನೆರವಾದ ಎಲಿಜಬೆತ್ ಮಾಂಟಗು, ಪೀಟರ್ ಸ್ಮೊಲೆಟ್ ಎಂಬ ಪತ್ರಕರ್ತರನ್ನು ತಾವು ಗ್ರೀನ್‌ಗೆ ಪರಿಚಯಿಸಿದ್ದಾಗಿ ನೆನೆದಿದ್ದಾರೆ. ಸ್ಮೊಲೆಟ್ ವಿಯೆನ್ನಾದಲ್ಲೇ ಹುಟ್ಟಿದವರು. ಮೂಲ ಹೆಸರು ಸ್ಮೋಲ್ಕಾ. ಯುದ್ಧೋತ್ತರ ನಗರದ ಕಥೆಗಳನ್ನು ಬರೆದಿಟ್ಟುಕೊಂಡಿದ್ದವರು. ಗ್ರೀನ್ ಅವರ ಮುನ್ನುಡಿಯಲ್ಲಿ ಸ್ಮೊಲೆಟ್ ಹೆಸರಿಲ್ಲ. ಚಿತ್ರದಲ್ಲಿ ಮಾತ್ರ ಪೊಲೀಸ್ ಅಧಿಕಾರಿ ಮೇಜರ್ ಕ್ಯಾಲೊವೇ ಕಾರಿನಲ್ಲಿ ಹೋಗಬೇಕಾದ ಜಾಗ ಹೇಳುವಾಗ ಉಚ್ಚರಿಸುವ ಹೆಸರು ‘ಸ್ಮೋಲ್ಕಾ’. ಮುನ್ನುಡಿಯಲ್ಲಿ ಬಾರದ ಋಣ ಸಂಭಾಷಣೆಯಲ್ಲಿ ಸುಳಿದಿದೆ. ಈ ಎರಡು ನೆನಪುಗಳಲ್ಲಿ ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಬೇಕಾಗಿಲ್ಲ. ಮುಖ್ಯ ಅಂಶದಲ್ಲಿ ಎರಡೂ ಒಂದಾಗುತ್ತವೆ: ಕಥೆಗೆ ಬೇಕಾದ ಸತ್ಯವನ್ನು ಕೊಟ್ಟದ್ದು ವಿಯೆನ್ನಾದಲ್ಲಿ ಬದುಕುತ್ತಿದ್ದವರ ಬಾಯಿಮಾತು.

4. ಪಾಠಾಂತರಗಳು

ಗ್ರೀನ್ ಮೊದಲು ಚಿತ್ರಕಥೆ ಬರೆಯಲಿಲ್ಲ. ನೇರವಾಗಿ ಚಿತ್ರಕಥೆಯ ಒಣ ಸೂಚನೆಗಳಲ್ಲಿ ಪಾತ್ರವೂ ವಾತಾವರಣವೂ ಮೈತಳೆಯುವುದಿಲ್ಲವೆಂದು ನಂಬಿದ್ದ ಅವರು, ಮೊದಲು ಒಂದು ಕಿರುಕಾದಂಬರಿಯನ್ನೇ ಬರೆದರು. ಅದು ಓದಲಿಕ್ಕೆಂದು ಬರೆದದ್ದಲ್ಲ, ನೋಡಲಿಕ್ಕೆಂದು ಬರೆದದ್ದು ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಕಥೆಯ ಪೂರ್ಣಗೊಂಡ ರೂಪ ಚಿತ್ರವೇ, ಆದ್ದರಿಂದ ಚಿತ್ರವೇ ಕಥೆಗಿಂತ ಮೇಲು ಎಂಬುದೂ ಅವರದೇ ತೀರ್ಮಾನ. ಮುದ್ರಣದಲ್ಲಿ ಪುಸ್ತಕ ಬಂದದ್ದು ಚಿತ್ರದ ನಂತರ, 1950ರಲ್ಲಿ, ‘ದಿ ಫಾಲನ್ ಐಡಲ್’ ಕಥೆಯ ಜೊತೆಗೂಡಿ. ಹೀಗಾಗಿ ‘ಮೂಲ ಕಾದಂಬರಿ, ಅದರ ಚಿತ್ರರೂಪ’ ಎಂಬ ರೂಢಿಯ ಏಣಿ ಇಲ್ಲಿ ನಿಲ್ಲುವುದಿಲ್ಲ. ಪುಸ್ತಕವನ್ನು ಒಂದು ಕರಡುಪ್ರತಿಯೆಂದೂ ಚಿತ್ರವನ್ನು ಪರಿಷ್ಕೃತ ಪಾಠವೆಂದೂ ಓದುವುದೇ ಸರಿ.

ಪಾಠಾಂತರಗಳಲ್ಲಿ ಮುಖ್ಯವಾದವನ್ನಷ್ಟೇ ಎತ್ತಿಕೊಳ್ಳುತ್ತೇನೆ. ಪುಸ್ತಕದಲ್ಲಿ ಕಥೆ ಹೇಳುವವನು ಪೊಲೀಸ್ ಅಧಿಕಾರಿ ಕ್ಯಾಲೊವೇ. ಚಿತ್ರದಲ್ಲಿ ಆ ನಿರೂಪಣೆ ಇಲ್ಲ. ಪುಸ್ತಕದ ನಾಯಕ ರೋಲೋ ಮಾರ್ಟಿನ್ಸ್ ಇಂಗ್ಲಿಷಿನವನು. ನಟ ಜೋಸೆಫ್ ಕಾಟನ್ ಬಂದ ಮೇಲೆ ಅವನು ಅಮೆರಿಕದವನಾದ. ರೋಲೋ ಎಂಬ ಹೆಸರು ಕಾಟನ್‌ಗೆ ಒಗ್ಗದೆ ಹಾಲಿ ಆಯಿತು. ಹ್ಯಾರಿ ಲೈಮ್ ಪಾತ್ರಕ್ಕೆ ಆರ್ಸನ್ ವೆಲ್ಸ್ ಬಂದದ್ದರಿಂದ ಕಥೆಗೆ ಒಬ್ಬ ಅಮೆರಿಕನ್ ಖಳನಾಯಕ ಸಿಕ್ಕಂತಾಯಿತು. ಆದ್ದರಿಂದ ಪುಸ್ತಕದ ಇನ್ನೊಬ್ಬ ಅಮೆರಿಕನ್ ಖಳ, ಕೂಲರ್, ಚಿತ್ರದಲ್ಲಿ ರುಮೇನಿಯಾದ ಪೊಪೆಸ್ಕು ಆಗಿ ಬದಲಾದ. ಹ್ಯಾರಿಯ ಪ್ರೇಯಸಿ ಆನಾಳನ್ನು ರಷ್ಯನ್ನರು ಅಪಹರಿಸುವ ಪ್ರಸಂಗವನ್ನು, ಅದು ಪ್ರಚಾರಚಿತ್ರದಂತೆ ಕಂಡೀತೆಂಬ ಶಂಕೆಯಿಂದ, ತಡವಾಗಿ ಕೈಬಿಡಲಾಯಿತು. ಈ ಬದಲಾವಣೆಗಳನ್ನು ಬಹುಮಟ್ಟಿಗೆ ಗ್ರೀನ್ ತಮ್ಮ ಮುನ್ನುಡಿಯಲ್ಲೇ ಕಾರಣಸಹಿತ ಪಟ್ಟಿಮಾಡಿದ್ದಾರೆ. ಲೇಖಕನೊಬ್ಬ ತನ್ನ ಕೃತಿಯ ಪಾಠಾಂತರ ಸೂಚಿಯನ್ನು ತಾನೇ ಸಿದ್ಧಪಡಿಸಿಕೊಟ್ಟ ಅಪರೂಪದ ನಿದರ್ಶನ ಇದು.

ಪ್ರಕ್ಷೇಪವೂ ಒಂದಿದೆ. ಪ್ರಾಟರ್ ಉದ್ಯಾನದ ರಾಟವಾಳದಿಂದ ಇಳಿದ ಮೇಲೆ ಹ್ಯಾರಿ ಆಡುವ ಮಾತು ಚಿತ್ರದಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು. ರಕ್ತಪಾತದ ಇಟಲಿ ಮಹಾ ಕಲೆಯನ್ನು ಕೊಟ್ಟಿತು, ಶಾಂತ ಸ್ವಿಟ್ಜರ್ಲೆಂಡ್ ಕೊಟ್ಟದ್ದು ಕೋಗಿಲೆ ಗಡಿಯಾರ ಮಾತ್ರ ಎಂಬರ್ಥದ ಆ ಮಾತು ಗ್ರೀನ್ ಬರೆದದ್ದಲ್ಲ, ವೆಲ್ಸ್ ಸೇರಿಸಿದ್ದು. ಗ್ರೀನ್ ಅದನ್ನು ಬಚ್ಚಿಡದೆ ವೆಲ್ಸ್ ಅವರ ಲೆಕ್ಕಕ್ಕೇ ಬರೆದರು. ಕೋಗಿಲೆ ಗಡಿಯಾರದ ತವರು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್. ಮಾತು ಚರಿತ್ರೆಯಾಗಿ ತಪ್ಪು, ಆದರೆ ಪಾತ್ರಕ್ಕೆ ತಕ್ಕದ್ದು. ತನ್ನ ಪಾಪಕ್ಕೆ ಚರಿತ್ರೆಯ ಸಮರ್ಥನೆ ಹುಡುಕುವವನಿಗೆ ಚರಿತ್ರೆ ಸರಿಯಾಗಿ ಗೊತ್ತಿಲ್ಲ ಎಂಬುದು ಆ ಪಾತ್ರವನ್ನು ಇನ್ನಷ್ಟು ನಿಜಗೊಳಿಸುತ್ತದೆ. ಪ್ರಕ್ಷೇಪವೆಂದ ಕೂಡಲೇ ಕಿತ್ತೆಸೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ನೆಲದಡಿಯ ಬೆನ್ನಟ್ಟುವಿಕೆಯಲ್ಲಿಯೂ ಒಂದೇ ದೇಹ ಹಲವರದು. ನಿಜವಾದ ಚರಂಡಿಯಲ್ಲಿ ಚಿತ್ರೀಕರಣ ವೆಲ್ಸ್‌ಗೆ ಹಿಡಿಸಲಿಲ್ಲ. ಅವರ ಭಾಗದಲ್ಲಿ ಬಹಳಷ್ಟನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಟ್ಟಿದ ಸುರಂಗದಲ್ಲಿ ತೆಗೆದರು. ಕಬ್ಬಿಣದ ಜಾಲರಿಯ ತೂತುಗಳಿಂದ ಬೀದಿಗೆ ಚಾಚಿ ಗಾಳಿಯಲ್ಲಿ ತಡಕಾಡುವ ಆ ಬೆರಳುಗಳು ವೆಲ್ಸ್ ಅವರವಲ್ಲ, ನಿರ್ದೇಶಕ ಕ್ಯಾರಲ್ ರೀಡ್ ಅವರವು. ಸಾಯುತ್ತಿರುವ ಹ್ಯಾರಿಯ ಕೊನೆಯ ಆಸೆಗೆ ಬೆರಳು ಕೊಟ್ಟವರು ನಿರ್ದೇಶಕರೇ.

5. ಕೊನೆಯ ನಡಿಗೆ

ಈಗ ಮೊದಲ ಪ್ರಶ್ನೆಗೆ ಬರೋಣ. ಕೊನೆಯ ಬಗ್ಗೆ ಗ್ರೀನ್ ಮತ್ತು ರೀಡ್ ನಡುವೆ ನಿಜವಾದ ಭಿನ್ನಾಭಿಪ್ರಾಯವಿತ್ತು. ಗ್ರೀನ್ ಅವರ ವಾದ: ಇಂಥ ರಂಜನೆಯ ಕಥೆ ದುಃಖದ ಕೊನೆಯ ಭಾರವನ್ನು ಹೊರಲಾರದು. ರೀಡ್ ಅವರ ವಾದ: ಹ್ಯಾರಿಯ ಸಾವನ್ನು ಈಗಷ್ಟೇ ಕಂಡ ಪ್ರೇಕ್ಷಕರ ಎದುರು, ಅವನನ್ನು ಗುಂಡಿಟ್ಟು ಕೊಂದವನ ತೋಳನ್ನು ಅವನ ಪ್ರೇಯಸಿ ಹಿಡಿದರೆ ಅದು ಕಟುವಾಗಿ, ನಂಬಿಕೆಗೆಟ್ಟ ನಗೆಯಂತೆ ಕಾಣುತ್ತದೆ. ಗ್ರೀನ್ ಅರ್ಧ ಮಾತ್ರ ಒಪ್ಪಿದ್ದರು. ಅಷ್ಟುದ್ದದ ನಡಿಗೆ ಮುಗಿಯುವ ತನಕ ಜನ ಕುರ್ಚಿಯಲ್ಲಿ ಕೂತಿರುವರೇ ಎಂಬ ಅಳುಕು ಅವರಿಗಿತ್ತು. ಚಿತ್ರ ಮುಗಿದ ಮೇಲೆ ಅವರು ತಮ್ಮ ಸೋಲನ್ನು ಅಚ್ಚಿನಲ್ಲೇ ಒಪ್ಪಿದರು. ರೀಡ್ ಹೇಳಿದ್ದೇ ಸರಿಯಾಯಿತು ಎಂದರು. ನಿರ್ದೇಶಕನ ಹಿಡಿತವನ್ನು ತಾನು ಸಾಕಷ್ಟು ಗಣಿಸಿರಲಿಲ್ಲ, ಕರಾಸ್ ಎಂಬ ಝಿದರ್ ವಾದಕ ಸಿಗುವರೆಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ ಎಂದೂ ಸೇರಿಸಿದರು.

ಈ ಕೊನೆಯ ಅಂಶವನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಕೊನೆಯ ದೃಶ್ಯದ ಯಶಸ್ಸನ್ನು ಲೇಖಕ ಹಂಚಿದ್ದು ಇಬ್ಬರಿಗೆ: ನಿರ್ದೇಶಕನಿಗೆ, ವಾದಕನಿಗೆ. ಇದರ ಅರ್ಥ ವಸ್ತುಸಂಗ್ರಹಾಲಯದಲ್ಲಿ ಕರಾಸ್ ಅವರ ವಾದ್ಯದ ಮುಂದೆ ನಿಂತಾಗ ನನಗೆ ಸ್ಪಷ್ಟವಾಯಿತು. ಝಿದರ್ ಮೇಜಿನ ಮೇಲೆ ಮಲಗಿಸಿ ನುಡಿಸುವ ತಂತಿವಾದ್ಯ, ನೋಡಲು ನಮ್ಮ ಸ್ವರಮಂಡಲದ ದೂರದ ನೆಂಟನಂತೆ. ಅರಮನೆಯ ಕಛೇರಿಗಳ ವಾದ್ಯವಲ್ಲ. ದ್ರಾಕ್ಷಿತೋಟದ ಊರುಗಳ ಹೊಸ ಮದ್ಯದ ಅಂಗಡಿಗಳಲ್ಲಿ ಕುಡಿಯುತ್ತ ಮಾತಾಡುವವರ ನಡುವೆ ನುಡಿಯುವಂಥದು. ಚಿತ್ರೀಕರಣಕ್ಕೆ ಬಂದ ರೀಡ್ ಅಂಥ ನಾದಕ್ಕೆ ಕಿವಿಗೊಟ್ಟು, 1906ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈ ಅಜ್ಞಾತ ವಾದಕನನ್ನು ಲಂಡನ್ನಿಗೆ ಕರೆಸಿಕೊಂಡು, ಇಡೀ ಚಿತ್ರಕ್ಕೆ ಆ ಒಂದೇ ವಾದ್ಯವನ್ನು ಬಳಸಿದರು. ಚಿತ್ರದ ಶೀರ್ಷಿಕೆಗಳ ಹಿಂದೆ ಕಾಣುವುದೂ ಕಂಪಿಸುವ ಈ ತಂತಿಗಳೇ. ‘ಹ್ಯಾರಿ ಲೈಮ್ ಥೀಮ್’ 1950ರಲ್ಲಿ ಅಮೆರಿಕದ ಜನಪ್ರಿಯ ಸಂಗೀತದ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನದಲ್ಲಿತ್ತು. ಆ ಸ್ವರವನ್ನು ಮತ್ತೆ ಮತ್ತೆ ನುಡಿಸಿದ ನೂರಾರು ಮುದ್ರಣಗಳು ಬಂದಿವೆ. ಹಣ ಬಂದ ಮೇಲೆ ಕರಾಸ್ ಸೀವರಿಂಗ್ ಎಂಬಲ್ಲಿ ಮದ್ಯದಂಗಡಿಯೊಂದನ್ನು ತೆರೆದು, ಅದಕ್ಕೆ ಚಿತ್ರದ ಹೆಸರನ್ನೇ ಇಟ್ಟರು.

ಕೊನೆಯ ದೃಶ್ಯದಲ್ಲಿ ಮಾತಿಲ್ಲ. ಇರುವುದು ನಾಲ್ಕು: ಅಲೀಡಾ ವಲ್ಲಿ ಅವರ ಹೆಜ್ಜೆ, ಉದುರುವ ಎಲೆ, ಕಾಟನ್ ಅವರ ಕಾಯುವಿಕೆ, ಕರಾಸ್ ಅವರ ತಂತಿ. ದೃಶ್ಯ ಮುಗಿಯಿತೆಂದು ತಾನು ಭಾವಿಸಿದ ಮೇಲೂ ರೀಡ್ ಕ್ಯಾಮೆರಾ ನಿಲ್ಲಿಸದೆ ಓಡಿಸುತ್ತಲೇ ಇದ್ದರೆಂದು ಕಾಟನ್ ನೆನೆದಿದ್ದಾರೆ. ಗ್ರೀನ್ ಹೆದರಿದ್ದ ಆ ಉದ್ದವೇ ದೃಶ್ಯದ ಪ್ರಾಣವಾಯಿತು. ವಿಯೆನ್ನಾದ ಕೇಂದ್ರ ಸ್ಮಶಾನದ ಆ ದಾರಿಯಲ್ಲಿ ಮರುದಿನ ನಾನೂ ನಡೆದೆ. ದೂರದ ಮನುಷ್ಯರೂಪವೊಂದು ಚುಕ್ಕೆಯಿಂದ ಮುಖವಾಗುವ ತನಕ ಹಿಡಿಯುವ ಹೊತ್ತು ಅಲ್ಲಿ ನಿಂತಾಗ ತಿಳಿಯುತ್ತದೆ. ಆ ಹೊತ್ತಿನೊಳಗೆ ಕಾಯುವವನ ಆಸೆ ಹುಟ್ಟಿ, ಬೆಳೆದು, ಸಾಯಬಹುದು. ಲೇಖನಿಗೆ ಸಿಗದ ಅಳತೆ ಅದು. ಅದನ್ನು ಕೊಟ್ಟದ್ದು ಸ್ಥಳ.

6. ನಗರದ ಪಾಲು

ವಸ್ತುಸಂಗ್ರಹಾಲಯದ ಮೂರನೆಯ ಭಾಗಕ್ಕೆ ಈಗ ಮರಳಬೇಕು. ಯುದ್ಧಾನಂತರದ ವಿಯೆನ್ನಾವನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ರಷ್ಯಾ ಪಾಲು ಹಾಕಿಕೊಂಡಿದ್ದವು. ನಡುವಿನ ಒಂದನೆಯ ವಾರ್ಡು ಮಾತ್ರ ಯಾರಿಗೂ ಸೇರದೆ ತಿಂಗಳಿಗೊಬ್ಬರಂತೆ ನಾಲ್ವರ ಉಸ್ತುವಾರಿಗೆ ಬರುತ್ತಿತ್ತು. ನಾಲ್ಕು ಸೇನೆಗಳ ಪೊಲೀಸರು ಒಂದೇ ವಾಹನದಲ್ಲಿ ಗಸ್ತು ತಿರುಗುತ್ತಿದ್ದರು. ಜನ ನಾಲ್ಕು ಭಾಷೆಗಳ ಗುರುತಿನ ಚೀಟಿಯನ್ನು ಹೊತ್ತು ಓಡಾಡಬೇಕಿತ್ತು. 1955ರ ಮೇ 15ರ ಒಪ್ಪಂದದ ತನಕ ಹೀಗೇ ನಡೆಯಿತು. ಈ ಹಿನ್ನೆಲೆಯ ಛಾಯಾಚಿತ್ರ, ಕಾಗದಪತ್ರಗಳ ನಡುವೆ ನಿಂತು ಚಿತ್ರವನ್ನು ನೆನೆದರೆ ಅದರ ಪ್ರತಿ ತಿರುವೂ ನೆಲಕ್ಕೆ ಇಳಿಯುತ್ತದೆ. ಆನಾ ಸುಳ್ಳು ಪಾಸ್‌ಪೋರ್ಟಿನ ಮೇಲೆ ಬದುಕುವ ಜೆಕ್ ಹೆಣ್ಣು. ಆ ಒಂದು ಕಾಗದ ಬಯಲಾದರೆ ಅವಳು ರಷ್ಯನ್ನರ ಪಾಲು. ಅವಳನ್ನು ಉಳಿಸಿದ ಸುಳ್ಳು ಕಾಗದ ಮಾಡಿಸಿಕೊಟ್ಟವನು ಹ್ಯಾರಿ. ಅವಳು ಅವನನ್ನು ಬಿಟ್ಟುಕೊಡದಿರುವುದಕ್ಕೆ ಪ್ರೀತಿಯಷ್ಟೇ ಕಾರಣವಲ್ಲ. ಇದು ತಿಳಿದವರಿಗೆ ಕೊನೆಯ ನಡಿಗೆ ಹಟವಾಗಿ ಕಾಣದು, ಋಣವಾಗಿ ಕಾಣುತ್ತದೆ.

ಪೆನಿಸಿಲಿನ್ ಮಾತೂ ಹಾಗೆಯೇ. ಫ್ಲೆಮಿಂಗ್, ಫ್ಲೋರಿ, ಚೈನ್ ಅವರಿಗೆ ನೊಬೆಲ್ ಬಂದದ್ದು 1945ರಲ್ಲಿ. ಚಿತ್ರ ತಯಾರಾದ ಕಾಲಕ್ಕೆ ಯುರೋಪಿನ ತಾಯಂದಿರಿಗೆ ಅದು ಪವಾಡದ ಔಷಧಿ, ಸುಲಭಕ್ಕೆ ಸಿಗದ್ದು. ಅದನ್ನು ಕದ್ದು, ನೀರು ಬೆರೆಸಿ ಮಾರುವವನೇ ಹ್ಯಾರಿ. ಆಸ್ಪತ್ರೆಯ ದೃಶ್ಯದಲ್ಲಿ ರೀಡ್ ಮಕ್ಕಳನ್ನು ತೋರಿಸುವುದಿಲ್ಲ. ತೊಟ್ಟಿಲುಗಳ ಮೇಲೆ ಬಾಗಿದವರ ಮುಖಗಳನ್ನು, ಒಂದು ಆಟಿಕೆ ಕರಡಿಯನ್ನು ಮಾತ್ರ ತೋರಿಸುತ್ತಾರೆ. ತೋರಿಸದ ಆ ಮಕ್ಕಳೇ ಚಿತ್ರದ ನೈತಿಕ ಕೇಂದ್ರ.

ಪ್ರಾಟರ್‌ನ ದೈತ್ಯ ರಾಟವಾಳ 1897ರದು, ಎತ್ತರ 64.75 ಮೀಟರ್. 1944ರಲ್ಲಿ ಸುಟ್ಟು, 1947ರಲ್ಲಿ ಮತ್ತೆ ತಿರುಗತೊಡಗಿದಾಗ 30 ಡಬ್ಬಿಗಳ ಜಾಗದಲ್ಲಿ 15 ಮಾತ್ರ ಉಳಿದಿದ್ದವು. ಹ್ಯಾರಿ ಅಲ್ಲಿಂದ ಕೆಳಗಿನ ಜನರನ್ನು ಚುಕ್ಕೆಗಳೆಂದು ಕರೆದು, ಒಂದೊಂದು ಚುಕ್ಕೆ ನಿಂತರೆ ನಿನಗೇನು ಎಂದು ಗೆಳೆಯನನ್ನು ಕೇಳುತ್ತಾನೆ. ಅರ್ಧ ಹಲ್ಲು ಉದುರಿದ ಆ ಚಕ್ರ ಆ ನಗರದ್ದೇ ಆಗಿರದಿದ್ದರೆ ಅವನ ಮಾತು ಇಷ್ಟು ತೂಗುತ್ತಿರಲಿಲ್ಲ. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ರಾತ್ರಿಯ ಬೀದಿಗಳಿಗೆ ನೀರು ಹೊಯ್ಯಿಸಿ, ಒದ್ದೆಕಲ್ಲಿನ ಹೊಳಪಿನಲ್ಲಿ, ವಾಲಿದ ಚೌಕಟ್ಟಿನಲ್ಲಿ ಆ ನಗರವನ್ನು ಹಿಡಿದರು. ಅದಕ್ಕೆ ಅವರಿಗೆ ಆಸ್ಕರ್ ಬಂತು. ಪ್ರೆಸ್‌ಗಾಸೆಯಿಂದ ಹೊರಬಂದರೆ ನಾಶ್‌ಮಾರ್ಕ್ಟಿನ ತರಕಾರಿ, ಆಲಿವ್ ಅಂಗಡಿಗಳ ಅಡಿಯಲ್ಲಿ ವೀನ್ ನದಿ ಕಮಾನಿನೊಳಗೆ ಹರಿಯುತ್ತಿದೆ. ಹ್ಯಾರಿ ಓಡಿದ್ದು ಇಂಥ ಕಮಾನಿನ ಕತ್ತಲಲ್ಲಿ.

7. ಮೈಸೂರಿನ ಕೊಂಡಿ

ಗ್ರೀನ್ ಹೆಸರು ಕನ್ನಡನಾಡಿಗೆ ಅಪರಿಚಿತವಲ್ಲ. ಮೈಸೂರಿನ ಯುವಕನೊಬ್ಬನ ಮೊದಲ ಕಾದಂಬರಿ ಲಂಡನ್ನಿನ ಪ್ರಕಾಶಕರಿಂದ ತಿರಸ್ಕೃತವಾಗುತ್ತ ಅಲೆಯುತ್ತಿತ್ತು. ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅದನ್ನು ಗ್ರೀನ್ ಅವರಿಗೆ ಮುಟ್ಟಿಸಿದರು. ಗ್ರೀನ್ ಮೆಚ್ಚಿ ಪ್ರಕಾಶಕರನ್ನು ಒಪ್ಪಿಸಿದರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು. ನಾರಾಯಣಸ್ವಾಮಿ ಎಂಬ ಹೆಸರನ್ನು ಆರ್. ಕೆ. ನಾರಾಯಣ್ ಎಂದು ಮೊಟಕುಗೊಳಿಸಲು ಸೂಚಿಸಿದವರೂ ಗ್ರೀನ್ ಅವರೇ. ಕಾಗದದಲ್ಲಿ ಹುಟ್ಟಿದ ಆ ಸ್ನೇಹ 1991ರಲ್ಲಿ ಗ್ರೀನ್ ತೀರಿಕೊಳ್ಳುವ ತನಕ ಬಾಳಿತು.

ಕೊನೆಗಳ ವಿಷಯದಲ್ಲಿಯೂ ಈ ಇಬ್ಬರ ನಡುವೆ ಒಂದು ಮಾತುಕತೆ ನಡೆದಿದೆ. ‘ದಿ ಗೈಡ್’ ಕಾದಂಬರಿ ಇನ್ನೂ ಮನಸ್ಸಿನಲ್ಲಿದ್ದಾಗ ನಾರಾಯಣ್ ಲಂಡನ್ನಿನಲ್ಲಿ ಗ್ರೀನ್ ಅವರಿಗೆ ಕಥೆ ಹೇಳಿದರು. ಕಥಾನಾಯಕ ರಾಜು ಕೊನೆಯಲ್ಲಿ ಬದುಕಬೇಕೋ ಸಾಯಬೇಕೋ ಎಂದು ತಾವು ತೊಳಲುತ್ತಿದ್ದಾಗ, ಅವನು ಸಾಯಲೇಬೇಕೆಂದು ಗ್ರೀನ್ ಖಚಿತವಾಗಿ ಹೇಳಿದ್ದನ್ನು ನಾರಾಯಣ್ ದಾಖಲಿಸಿದ್ದಾರೆ. 1948ರಲ್ಲಿ ದುಃಖದ ಕೊನೆಗೆ ಹಿಂಜರಿದ ಲೇಖಕ ಈಗ ಗೆಳೆಯನಿಗೆ ಆ ಕೊನೆಯನ್ನೇ ಸೂಚಿಸುತ್ತಿದ್ದಾರೆ. ನಾರಾಯಣ್ 1958ರಲ್ಲಿ ಅಚ್ಚಾದ ಕಾದಂಬರಿಯಲ್ಲಿ ರಾಜುವನ್ನು ನದಿಯಲ್ಲಿ ಕುಸಿಯುವಂತೆ ಮಾಡಿ, ಅವನ ಸಾವನ್ನೂ ಮಳೆಯನ್ನೂ ಓದುಗನ ತೀರ್ಮಾನಕ್ಕೆ ಬಿಟ್ಟರು. 1965ರ ಹಿಂದಿ ಚಿತ್ರ ‘ಗೈಡ್’ ಎರಡನ್ನೂ ತೀರ್ಮಾನಿಸಿಬಿಟ್ಟಿತು: ಮಳೆ ಬಂತು, ರಾಜು ಸತ್ತ.

ಆದರೆ ನಾರಾಯಣ್ ನೊಂದುಕೊಂಡದ್ದು ಕೊನೆಗೊಂದಕ್ಕೇ ಅಲ್ಲ. ಆ ಚಿತ್ರದ ಬಗ್ಗೆ ಅವರು ಬರೆದ ‘ಮಿಸ್‌ಗೈಡೆಡ್ ಗೈಡ್’ ಪ್ರಬಂಧದ ಆಳದ ನೋವು ಊರಿನದು. ಚಿತ್ರ ತಯಾರಕರನ್ನು ಅವರು ಮೈಸೂರು ಸುತ್ತಿನ ಜಾಗಗಳಿಗೆ ಕರೆದೊಯ್ದು ತಮ್ಮ ಕಲ್ಪನೆಯ ಊರು ಮಾಲ್ಗುಡಿಯ ನದಿ, ಬೆಟ್ಟ, ಗುಡಿಗಳನ್ನು ತೋರಿಸಿದ್ದರು. ಚಿತ್ರೀಕರಣ ಮಾತ್ರ ರಾಜಸ್ಥಾನಕ್ಕೆ, ಜೈಪುರ ಉದಯಪುರಗಳ ವೈಭವಕ್ಕೆ ಹೋಯಿತು. ಇಲ್ಲಿ ನನ್ನ ವಾದ ನಿಂತಿದೆ. ಗ್ರೀನ್ ಕಥೆಯ ನಿರೂಪಕ ಹೋದ, ನಾಯಕನ ದೇಶ ಬದಲಾಯಿತು, ಬೇರೆಯವರ ಮಾತು ಸೇರಿತು, ಕೊನೆ ಮಗುಚಿತು; ಆದರೂ ಲೇಖಕ ಚಿತ್ರವನ್ನು ತನ್ನ ಕಥೆಯ ಪೂರ್ಣರೂಪವೆಂದು ಒಪ್ಪಿದರು, ಏಕೆಂದರೆ ವಿಯೆನ್ನಾ ಉಳಿದಿತ್ತು. ನಾರಾಯಣ್ ಕಥೆಯಲ್ಲಿ ರಾಜು, ರೋಸಿ, ಮಾರ್ಕೊ ಎಲ್ಲರೂ ಉಳಿದರು, ಮಾಲ್ಗುಡಿ ಉಳಿಯಲಿಲ್ಲ. ಊರು ಕಳೆದ ಕೃತಿಗೆ ಲೇಖಕನ ‘ಅನುಮತ’ ದೊರೆಯಲಿಲ್ಲ.

8. ನಿಲುವು

ಕೊನೆಯ ನಡಿಗೆ ಯಾರದು ಎಂಬುದಕ್ಕೆ ಸಾಕ್ಷ್ಯಗಳು ಕೊಡುವ ಉತ್ತರ ಇಷ್ಟು. ಅದನ್ನು ಕಲ್ಪಿಸಿದವರು ರೀಡ್. ಹೊತ್ತು ನಿಂತವರು ಕಾಟನ್ ಮತ್ತು ವಲ್ಲಿ. ಅದಕ್ಕೆ ಉಸಿರು ತುಂಬಿದವರು ಕರಾಸ್. ಅಳತೆ ಕೊಟ್ಟದ್ದು ವಿಯೆನ್ನಾದ ಸ್ಮಶಾನದ ದಾರಿ. ಒಪ್ಪಿ ಸಹಿ ಹಾಕಿದವರು ಗ್ರೀನ್. ಲೇಖಕನ ಈ ಸಹಿ ಸಣ್ಣದಲ್ಲ. ತನ್ನದಲ್ಲದ ಕೊನೆಯನ್ನು ತನ್ನ ಕೃತಿಯ ನಿಜವಾದ ಕೊನೆಯೆಂದು ಅಚ್ಚಿನಲ್ಲಿ ಒಪ್ಪಿಕೊಳ್ಳುವುದೂ ಕರ್ತೃತ್ವದ ಒಂದು ರೀತಿ. ಪ್ರೆಸ್‌ಗಾಸೆಯ ಸಂಗ್ರಹಾಲಯ ಚಿತ್ರಕ್ಕೆ, ಯಂತ್ರಕ್ಕೆ, ನಗರಕ್ಕೆ ಒಂದೇ ಸೂರಿನಡಿ ಜಾಗ ಕೊಟ್ಟು ಈ ಹಂಚಿಕೆಯನ್ನೇ ಕೋಣೆಗಳಾಗಿ ಕಟ್ಟಿದೆ.

ನಮ್ಮಲ್ಲಿ ಇಂಥ ಹಂಚಿಕೆಯನ್ನು ತೋರಿಸಬಲ್ಲ ಸಾಮಗ್ರಿ ಎರಡು ಕಡೆ ಇದೆ. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಕಟ್ಟಿಸಿದ ಮನೆ, ಕೆಡವುವ ಕೆಲಸ ಶುರುವಾದ ಮೇಲೂ ಉಳಿದುಕೊಂಡು, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದು ಲೇಖನಿಯ ಮನೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡದಲ್ಲಿ ಮಾಲ್ಗುಡಿ ಸಂಗ್ರಹಾಲಯವಿದೆ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಆ ನಿಲ್ದಾಣವೇ ಮಾಲ್ಗುಡಿಗೆ ನಿಲ್ದಾಣವಾಗಿತ್ತು. ಅದು ತೆರೆಯ ಮನೆ. ರಾಜಸ್ಥಾನದಲ್ಲಿ ಕಳೆದ ಮಾಲ್ಗುಡಿಗೆ ಈ ಧಾರಾವಾಹಿ ಚಿತ್ರೀಕರಣಗೊಂಡ ಆಗುಂಬೆ ಅರಸಾಳುಗಳಲ್ಲಿ ಮತ್ತೆ ಕನ್ನಡನೆಲ ಸಿಕ್ಕಿತು. ಈ ಎರಡು ಮನೆಗಳನ್ನು ಒಟ್ಟಿಗೆ ಓದುವ ಕೆಲಸ ಆಗಬೇಕು. ಪುಸ್ತಕದ ಪಾಠ, ತೆರೆಯ ಪಾಠ, ಊರಿನ ಪಾಠ ಮೂರನ್ನೂ ಅಕ್ಕಪಕ್ಕ ಇಟ್ಟ ಪಾಠಾಂತರ ಸೂಚಿಯೊಂದು ನಾರಾಯಣ್ ಅವರಿಗೂ ಸಿದ್ಧವಾಗಬೇಕು. ‘ಥರ್ಡ್ ಮ್ಯಾನ್’ಗೆ ಗ್ರೀನ್ ತಾವೇ ಅದನ್ನು ಮಾಡಿಟ್ಟು ಹೋದರು, ಅವರ ಮೈಸೂರಿನ ಗೆಳೆಯನಿಗೆ ಅದನ್ನು ಮಾಡಿಕೊಡಬೇಕಾದವರು ನಾವು.